ಪೆಟ್ಟಿಗೆ ಸರಿಯಾದ ಊರಿಗೆ ಹೋಯಿತು

"ಜೊತೆಗೆ ಯಾರು?"

ಯುರೋಪಿಗೆ ಹೋಗುತ್ತೇನೆ ಎಂದಾಗ ಎಲ್ಲರೂ ಕೇಳಿದ್ದು ಇದನ್ನೇ. ಯಾವ ದೇಶ, ಯಾವ ತಿಂಗಳು, ಅಲ್ಲಿ ಚಳಿ ಹೇಗಿರುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಹಾಲಿನ ಬೂತಿನವನು ಕೇಳಿದ, ಬ್ಯಾಂಕಿನವರು ಕೇಳಿದರು, ಪಕ್ಕದ ಮನೆಯಾಕೆ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಲೇ ಕೇಳಿದಳು. ಯಾರೂ ಇಲ್ಲ, ಒಬ್ಬಳೇ ಎಂದರೆ, ನಾನು ನಿನ್ನೆಯಷ್ಟೇ ವಿಧವೆಯಾದೆನೋ ಎಂಬಂತೆ ನೋಡುತ್ತಿದ್ದರು. ನನ್ನ ಗಂಡ ತೀರಿಕೊಂಡು ವರ್ಷಗಳೇ ಕಳೆದಿದ್ದವು. ಮಕ್ಕಳಿಲ್ಲ. ದೊಡ್ಡಬಳ್ಳಾಪುರದಲ್ಲಿ ನಾವಿಬ್ಬರೂ ಸೇರಿ ಕಟ್ಟಿಸಿದ ಮನೆಯಲ್ಲಿ ಒಬ್ಬಳೇ ಇದ್ದೇನೆ. ಸರ್ಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡಿ, ತಾಲ್ಲೂಕಿನ ಅರ್ಧ ಜನರ ರಕ್ತ ತೆಗೆದು ನಿವೃತ್ತಳಾದವಳು ನಾನು. ಎಂಥೆಂಥ ಪೈಲ್ವಾನರು ಸೂಜಿ ಕಂಡು ಕಣ್ಣು ಮುಚ್ಚಿಕೊಂಡಿದ್ದನ್ನು ನೋಡಿದ್ದೇನೆ. ಅಂಥವಳನ್ನು ಇವರೆಲ್ಲ ರಸ್ತೆ ದಾಟಲು ಬಾರದ ಮಗು ಎಂದುಕೊಂಡಿದ್ದಾರಲ್ಲ ಎಂದು ಮೈಯೆಲ್ಲ ಉರಿಯುತ್ತಿತ್ತು.

ಹೆಚ್ಚು ಉರಿದದ್ದು ಅಣ್ಣನ ಮಾತಿಗೆ. ಕುಂದಾಣದ ಹತ್ತಿರ ನನ್ನ ತವರು. ಅಣ್ಣ, ಅತ್ತಿಗೆ ಅಲ್ಲಿದ್ದಾರೆ. ದ್ರಾಕ್ಷಿ ತೋಟವಿದೆ, ಹಸುಗಳಿವೆ, ತೋಟದ ಮೇಲೆ ವಿಮಾನಗಳು ಚಕ್ರ ಬಿಚ್ಚಿಕೊಂಡು ಇಳಿಯುತ್ತಿರುತ್ತವೆ. ನಾನು ನಿವೃತ್ತಳಾದ ಮಾರನೇ ವಾರವೇ ಅಣ್ಣ ಬಂದು, ನಿನ್ನ ಮನೆ ಬಾಡಿಗೆಗೆ ಕೊಟ್ಟು ನಮ್ಮ ಜೊತೆ ಬಂದು ಇದ್ದುಬಿಡು ಎಂದಿದ್ದ. ಅಷ್ಟು ಹೊತ್ತಿಗೆ ನನಗೆಂದು ಒಂದು ರೂಮಿಗೆ ಬಣ್ಣ ಬಳಿಸಿ, ಹೊಸ ಮಂಚವನ್ನೂ ಹಾಕಿಸಿಯಾಗಿತ್ತು. ಕೆಟ್ಟವರ ಜೊತೆ ಜಗಳವಾಡುವುದು ಸುಲಭ. ಮಂಚ ಹಾಕಿಸಿ, ಪ್ರೀತಿಯಿಂದ ಬಾ ಎನ್ನುವವನ ಜೊತೆ ಹೇಗೆ ಜಗಳವಾಡುವುದು? ಆದರೆ ಆ ರೂಮಿನಲ್ಲಿ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಬೆಳಿಗ್ಗೆ ಎದ್ದರೆ ಯಾಕೆ ಇಷ್ಟು ಬೇಗ ಎದ್ದೆ, ಚಪ್ಪಲಿ ಹಾಕಿಕೊಂಡರೆ ಎಲ್ಲಿಗೆ ಹೊರಟೆ, ಫೋನು ಇಟ್ಟರೆ ಯಾರದ್ದು. ಎಲ್ಲವೂ ಪ್ರೀತಿಯಿಂದಲೇ. ನನಗೆ ಅದು ಬೇಡವಾಗಿತ್ತು.

ಯುರೋಪಿನ ವಿಷಯ ಹೇಳಲು ಹೋದ ದಿನ ಅಣ್ಣ ಜಗಲಿಯ ಮೇಲೆ ಕುಳಿತಿದ್ದ.

"ಹೋಗ್ಲೇಬೇಕು ಅಂದ್ರೆ ಟೂರಿನೋರ ಜೊತೆ ಹೋಗಮ್ಮ. ಅಡಿಗೆಯೋರ್ನೂ ಕರ್ಕೊಂಡೇ ಹೋಗ್ತಾರಂತೆ, ಮೂರು ಹೊತ್ತೂ ಅನ್ನ ಸಾರು."

"ಅನ್ನ ಸಾರು ಮನೇಲೇ ಸಿಗ್ತದಲ್ಲಣ್ಣ. ಅದಕ್ಕೋಸ್ಕರ ಅಷ್ಟು ದೂರ ಯಾಕೆ ಹೋಗ್ಲಿ?"

"ಭಾಷೆ ಬರಲ್ಲ, ಊರು ಗೊತ್ತಿಲ್ಲ, ಬಸ್ಸಲ್ಲಿ ರೈಲಲ್ಲಿ ಒಬ್ಳೇ ಅಲೀತೀನಿ ಅಂತೀಯ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಏನೂ ಆಗಲ್ಲ."

ಅವನು ಹೆಗಲ ಮೇಲಿನ ಟವೆಲ್ ತೆಗೆದು ಕೊಡವಿ ಮತ್ತೆ ಹಾಕಿಕೊಂಡ. "ಸರಿ ಬಿಡು. ಏನೂ ಆಗ್ದೆ ಹೋಗ್ಬಂದ್ಬಿಟ್ರೆ ನಿನ್ ಮನೆ ವಿಚಾರ ನಾನು ಇನ್ನೊಂದ್ ಸಲ ಎತ್ತಲ್ಲ. ಏನಾದ್ರೂ ಆಯ್ತೋ, ಬಂದ ತಿಂಗಳೇ ಬಾಡಿಗೆಗೆ ಕೊಟ್ಟು ಇಲ್ಲಿಗೆ ಬಂದ್ಬಿಡ್ಬೇಕು. ಒಪ್ಕೋತೀಯಾ?"

"ಒಪ್ಕೊಂಡೆ."

ಅತ್ತಿಗೆ ಕಾಫಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಹೀಗೆ ಸಾಕ್ಷಿಯೂ ಆಯಿತು.

ಮೊದಲ ದಿನಗಳು ಎಷ್ಟು ಸಲೀಸಾಗಿ ಹೋದವೆಂದರೆ ನನಗೇ ಅನುಮಾನ ಬರುತ್ತಿತ್ತು. ಆಮ್‌ಸ್ಟರ್‌ಡ್ಯಾಮಿನಲ್ಲಿ ಇಳಿದೆ, ಬಸ್ಸು ಹತ್ತಿ ಜರ್ಮನಿಯ ಕಲೋನ್ ನಗರಕ್ಕೆ ಬಂದೆ, ಅಲ್ಲಿಂದ ನದಿಯ ಪಕ್ಕದಲ್ಲೇ ಓಡುವ ರೈಲು ಹಿಡಿದೆ. ಪ್ರವಾಸಿಗರ ಹಾಸ್ಟೆಲಿನಲ್ಲಿ ಕೆಳಗಿನ ಮಂಚ ಕೇಳಿ ಪಡೆದೆ. ಬ್ರೆಡ್ಡಿಗೆ ಬೆಣ್ಣೆ ಹಚ್ಚಿ, ಮೇಲೆ ಮನೆಯ ಚಟ್ನಿಪುಡಿ ಉದುರಿಸಿಕೊಂಡು ತಿಂದೆ. ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಯಾವ ಬಸ್ಸು ಮೊದಲು ಹೊರಡುತ್ತದೆಂದು ಡ್ರೈವರ್ ಟೀ ಕುಡಿಯುವ ರೀತಿ ನೋಡಿಯೇ ಹೇಳಬೇಕಿತ್ತು. ಇಲ್ಲಿ ಎಲ್ಲವೂ ಬೋರ್ಡಿನ ಮೇಲೆ ಇರುತ್ತದೆ, ಓದಿಕೊಂಡು ಹತ್ತಿದರಾಯಿತು. ನನಗಿಂತ ದೊಡ್ಡ ವಯಸ್ಸಿನ ಹೆಂಗಸರು ಬೆನ್ನಿಗೆ ಚೀಲ ಹಾಕಿಕೊಂಡು, ಕೈಯಲ್ಲಿ ಕೋಲು ಹಿಡಿದುಕೊಂಡು ಒಬ್ಬೊಬ್ಬರೇ ಬೆಟ್ಟ ಹತ್ತಲು ಹೊರಟಿರುತ್ತಿದ್ದರು. ಜೊತೆಗೆ ಯಾರು ಎಂದು ಅವರನ್ನು ಯಾರೂ ಕೇಳುತ್ತಿರಲಿಲ್ಲ, ನನ್ನನ್ನೂ ಕೇಳಲಿಲ್ಲ. ಆ ಸುಖವನ್ನು ಹೇಗೆ ಹೇಳಲಿ? ಬಿಗಿಯಾಗಿದ್ದ ಬಳೆಯೊಂದನ್ನು ತೆಗೆದಿಟ್ಟ ಹಾಗಿತ್ತು. ಪ್ರತಿದಿನ ಅಣ್ಣನಿಗೆ ಒಂದು ಫೋಟೊ ಕಳಿಸುತ್ತಿದ್ದೆ, ಸುಮ್ಮನೆ ಹೊಟ್ಟೆ ಉರಿಸಲು.

ಪ್ರಾಗ್‌ನಿಂದ ಪೂರ್ವಕ್ಕೆ, ವಿಯೆನ್ನಾದ ದಾರಿಯಲ್ಲಿ ಒಂದು ಸಣ್ಣ ಊರಿನಲ್ಲಿ ರೂಮು ಹಿಡಿದಿದ್ದೆ. ಆ ಊರಿನ ಹೆಸರನ್ನು ಈಗಲೂ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಅಲ್ಲಿಗೆ ಹೋಗುವ ರೈಲು ಹಳೆಯ ಕಾಲದ್ದು. ಒಂದೊಂದು ಬೋಗಿಯಲ್ಲೂ ಸಣ್ಣ ಸಣ್ಣ ಕೋಣೆಗಳು, ಕೋಣೆಗೊಂದು ಜಾರುವ ಬಾಗಿಲು, ಒಳಗೆ ಎದುರುಬದುರು ಸೀಟು. ನನ್ನ ಟಿಕೆಟ್ಟಿನಲ್ಲಿ ಬರೆದಿದ್ದ ಕೋಣೆಯಲ್ಲಿ ಆಗಲೇ ಗಂಡಸರು ಕುಳಿತಿದ್ದರು. ಕೆಲಸ ಮುಗಿಸಿ ಮನೆಗೆ ಹೊರಟವರ ಹಾಗೆ ಕಾಣುತ್ತಿದ್ದರು. ಅವರೇನೂ ತಪ್ಪು ಮಾಡಲಿಲ್ಲ, ಅದನ್ನು ಇಲ್ಲಿ ಹೇಳಲೇಬೇಕು. ಒಬ್ಬ ಎದ್ದು ನನ್ನ ಪೆಟ್ಟಿಗೆಯನ್ನು ಮೇಲಿನ ಹಲಗೆಗೆ ಏರಿಸಿಕೊಟ್ಟ, ಇನ್ನೊಬ್ಬ ಕಾಲು ಮಡಚಿ ಕಿಟಕಿಯ ಸೀಟು ಬಿಟ್ಟುಕೊಟ್ಟ.

ನಾನು ಎರಡು ನಿಮಿಷವೂ ಕುಳಿತಿರಲಿಲ್ಲ, ಎದ್ದೆ.

ನಮ್ಮ ಕಡೆಯ ಬಸ್ಸಿನಲ್ಲಿ ಓಡಾಡಿದವರಿಗೆ ಇದನ್ನು ವಿವರಿಸುವುದು ಬೇಡ. ಹೆಂಗಸು ಹತ್ತಿದರೆ ಹೆಂಗಸಿನ ಪಕ್ಕವೇ ಕೂರಬೇಕು. ಜಾಗವಿಲ್ಲದಿದ್ದರೆ ಕಂಡಕ್ಟರ್ ಗಂಡಸರನ್ನು ಎಬ್ಬಿಸಿ ಇಡೀ ಬಸ್ಸನ್ನೇ ಅದಲುಬದಲು ಮಾಡುತ್ತಾನೆ. ಲಗೇಜಿನ ಕಥೆ ಬೇರೆ. ಅದು ಡ್ರೈವರ್ ಪಕ್ಕದಲ್ಲೋ ಹಿಂದಿನ ಸೀಟಿನ ಕೆಳಗೋ ಇರುತ್ತದೆ, ನಾವು ಎಲ್ಲೋ ಇರುತ್ತೇವೆ. ಬಸ್ಸು ಒಂದೇ ತಾನೇ, ಇಳಿಯುವಾಗ ಎತ್ತಿಕೊಂಡರಾಯಿತು. ಇಡೀ ಜೀವಮಾನ ಹೀಗೇ ನಡೆದಿತ್ತು. ಹಾಗಾಗಿ ಪೆಟ್ಟಿಗೆಯನ್ನು ಅಲ್ಲೇ ಮೇಲೆ ಬಿಟ್ಟು, ಕೈಚೀಲ ಮಾತ್ರ ಹಿಡಿದುಕೊಂಡು ಬೋಗಿಯಿಂದ ಬೋಗಿಗೆ ದಾಟುತ್ತಾ ಮುಂದೆ ಹೋದೆ. ಒಂದು ಕೋಣೆಯಲ್ಲಿ ಮುದುಕಿಯೊಬ್ಬಳು ತನ್ನ ಮಗಳೊಂದಿಗೆ ಕುಳಿತಿದ್ದಳು. ಅವರ ಎದುರು ಕುಳಿತ ಮೇಲೆ ಉಸಿರು ಸಲೀಸಾಯಿತು. ಮುದುಕಿ ಸೇಬು ಹೆಚ್ಚಿ ಒಂದು ಹೋಳು ಕೊಟ್ಟಳು, ನಾನು ನಕ್ಕೆ, ಅವಳೂ ನಕ್ಕಳು. ಒಂದು ಸ್ಟೇಷನ್ನಿನಲ್ಲಿ ರೈಲು ತುಸು ಹೆಚ್ಚು ಹೊತ್ತು ನಿಂತಿತು. ಹಿಂದೆ ಎಲ್ಲೋ ಕಬ್ಬಿಣದ ಸದ್ದಾಯಿತು, ಬೋಗಿ ಒಮ್ಮೆ ಅಲುಗಿತು, ಹೊರಟಿತು. ನಾನು ಸೇಬು ತಿನ್ನುತ್ತಿದ್ದೆ.

ಊರು ಹತ್ತಿರವಾಯಿತೆಂದು ಲೆಕ್ಕ ಹಾಕಿ, ಪೆಟ್ಟಿಗೆ ಇಳಿಸಿಕೊಳ್ಳಲು ಎದ್ದು ಹಿಂದಕ್ಕೆ ನಡೆದೆ. ಒಂದು ಬೋಗಿ ದಾಟಿದೆ. ಅದರ ಕೊನೆಯ ಬಾಗಿಲಿನ ಗಾಜಿನಾಚೆ ಮುಂದಿನ ಬೋಗಿ ಇರಬೇಕಿತ್ತು. ಇರಲಿಲ್ಲ. ಗಾಜಿನಾಚೆ ಬರೀ ಹಳಿ, ಹಿಂದಕ್ಕೆ ಓಡುತ್ತಿತ್ತು. ಎರಡೂ ಕಡೆ ಹಳದಿ ಹೂವಿನ ಹೊಲ.

ಟಿಕೆಟ್ ನೋಡಲು ಬಂದ ಹೆಂಗಸಿಗೆ ನನ್ನ ಟಿಕೆಟ್ ತೋರಿಸಿದೆ. ಅವಳು ಎರಡೂ ಅಂಗೈ ಜೋಡಿಸಿ ಹಿಡಿದು, ನಿಧಾನವಾಗಿ ಒಂದನ್ನು ಈ ಕಡೆಗೆ, ಇನ್ನೊಂದನ್ನು ಆ ಕಡೆಗೆ ತಿರುಗಿಸಿ ತೋರಿಸಿದಳು. ಅಷ್ಟು ಸಾಕಾಗಿತ್ತು. ಹಿಂದೆ ನಿಂತ ಸ್ಟೇಷನ್ನಿನಲ್ಲಿ ರೈಲನ್ನು ಎರಡು ಭಾಗ ಮಾಡಿದ್ದಾರೆ. ಹಿಂದಿನ ಬೋಗಿಗಳು ಒಂದು ಕಡೆ, ಮುಂದಿನವು ಇನ್ನೊಂದು ಕಡೆ. ನನ್ನ ಪೆಟ್ಟಿಗೆ ಸರಿಯಾದ ಊರಿಗೆ ಹೋಯಿತು, ತಪ್ಪು ಊರಿಗೆ ಹೊರಟವಳು ನಾನು.

ಮುಂದಿನ ನಿಲ್ದಾಣದಲ್ಲಿ ಇಳಿದೆ. ಸ್ಟೇಷನ್ನಿಗೆ ಬೀಗ ಹಾಕಿತ್ತು, ಹೊರಗೆ ಒಂದು ಬಸ್ ನಿಲ್ದಾಣ, ಅದರಲ್ಲೊಂದು ಬೆಂಚು, ಯಾರೂ ಇಲ್ಲ. ಅಳು ಬಂತು. ಪೆಟ್ಟಿಗೆಗಾಗಿ ಅಲ್ಲ. ಪಾಸ್‌ಪೋರ್ಟು, ಕಾರ್ಡು, ಬಿಪಿ ಮಾತ್ರೆ ಎಲ್ಲ ಕೈಚೀಲದಲ್ಲೇ ಇದ್ದವು. ಅಳು ಬಂದದ್ದು ನನ್ನ ಮೇಲಿನ ಸಿಟ್ಟಿಗೆ. ಊರಿಗೆ ಊರನ್ನೇ ಎದುರು ಹಾಕಿಕೊಂಡು ಇಷ್ಟು ದೂರ ಒಬ್ಬಳೇ ಬಂದವಳ ಕಾಲು, ನಾಲ್ಕು ಜನ ಗಂಡಸರನ್ನು ಕಂಡ ಕೂಡಲೇ ನನ್ನನ್ನು ಕೇಳದೆ ಎದ್ದು ಹೋಗಿತ್ತು. ಯಾರೂ ಎಬ್ಬಿಸಿರಲಿಲ್ಲ.

ಆಗಲೇ ಫೋನಿಗೆ ಅಣ್ಣನ ವಾಯ್ಸ್ ಮೆಸೇಜ್ ಬಂದು ಬಿತ್ತು, ಅವನ ದನಿಯ ಹಿಂದೆ ಹಸುಗಳ ಸದ್ದು. "ಏನಮ್ಮಾ, ಇವತ್ತು ಫೋಟೋನೇ ಇಲ್ಲ? ಎಲ್ಲಾ ಸರಿಯಾಗೈತಾ?"

ಒಂದು ಫೋನು ಮಾಡಿದ್ದರೆ ಸಾಕಿತ್ತು. ಅವನು ಯಾರ ಕೈಕಾಲು ಹಿಡಿದಾದರೂ ಮಾರನೇ ದಿನವೇ ವಾಪಸು ಬರುವ ವ್ಯವಸ್ಥೆ ಮಾಡುತ್ತಿದ್ದ, ಒಂದು ಮಾತೂ ಬೈಯುತ್ತಿರಲಿಲ್ಲ. ಆ ಬಣ್ಣ ಬಳಿದ ರೂಮಿನಲ್ಲಿ, ಆ ಹೊಸ ಮಂಚದ ಮೇಲೆ ನನ್ನ ಉಳಿದ ಆಯಸ್ಸೆಲ್ಲ ಕಳೆಯುತ್ತಿತ್ತು. ಬೆರಳು ಅವನ ಹೆಸರಿನ ಮೇಲೇ ಇತ್ತು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಇನ್ನೂ ಊರು ಸೇರಿಲ್ಲಣ್ಣ, ಸೇರಿದ ಮೇಲೆ ಹೇಳ್ತೀನಿ" ಎಂದು ಬರೆದು ಕಳಿಸಿ ಫೋನು ಒಳಗಿಟ್ಟೆ.

ಬಸ್ಸು ಬಂತು. ಡ್ರೈವರಿಗೆ ಟಿಕೆಟ್ಟಿನ ಮೇಲಿನ ಊರಿನ ಹೆಸರು ತೋರಿಸಿದೆ. ಅವನು ತಲೆಯಾಡಿಸಿ, ಇನ್ನೊಂದು ಊರಿನ ಹೆಸರು ಹೇಳಿ, ಅಲ್ಲಿ ಇಳಿದು ಬೇರೆ ಬಸ್ಸು ಎಂದು ಸನ್ನೆ ಮಾಡಿದ. ಬಸ್ಸು ಒಂದೊಂದು ಹಳ್ಳಿಯ ಒಳಗೂ ಹೊಕ್ಕು ಹೊರಬಂತು, ಶಾಲೆಯ ಮಕ್ಕಳನ್ನು ಇಳಿಸಿತು, ಕೋಳಿ ಅಡ್ಡ ಬಂದಾಗ ನಿಂತಿತು. ರೈಲಿನಲ್ಲಿ ಹೋಗಿದ್ದರೆ ಇದ್ಯಾವುದೂ ಕಾಣುತ್ತಿರಲಿಲ್ಲ. ಎರಡನೇ ಬಸ್ಸಿನಲ್ಲಿ ಉಳಿದಿದ್ದ ಸೀಟು ಒಬ್ಬ ದಪ್ಪ ಗಂಡಸಿನ ಪಕ್ಕದಲ್ಲಿತ್ತು. ಮುಂದೆ ಹೋಗಿ ನಿಲ್ಲೋಣ ಎನಿಸಿತು, ಕಾಲು ಆ ಕಡೆಗೇ ಎಳೆಯುತ್ತಿತ್ತು. ಕುಳಿತೆ. ಅವನು ಊರು ಬರುವವರೆಗೂ ನಿದ್ದೆ ಮಾಡುತ್ತಿದ್ದ.

ಪೆಟ್ಟಿಗೆ ಸಿಗಲಿಲ್ಲ. ಸ್ಟೇಷನ್ನಿನಲ್ಲಿದ್ದವನು ಎಲ್ಲೆಲ್ಲಿಗೋ ಫೋನು ಮಾಡಿ ಇಲ್ಲವೆಂದು ಕೈಯಲ್ಲಾಡಿಸಿದ. ಮರುದಿನ ಹೋದರೂ ಅಷ್ಟೇ. ಸೀರೆಗಳೆಲ್ಲ ಹೋದವು, ಅತ್ತಿಗೆ ಕೈಯಾರೆ ಕುಟ್ಟಿಕೊಟ್ಟ ಚಟ್ನಿಪುಡಿ ಹೋಯಿತು. ಅದಕ್ಕೆ ಮಾತ್ರ ನಿಜವಾಗಿ ಸಂಕಟವಾಯಿತು. ಆ ಊರಿನ ಸೆಕೆಂಡ್‌ಹ್ಯಾಂಡ್ ಬಟ್ಟೆ ಅಂಗಡಿಯಲ್ಲಿ ಎರಡು ಪ್ಯಾಂಟು, ಎರಡು ಅಂಗಿ, ಒಂದು ಬಟ್ಟೆಯ ಚೀಲ ಕೊಂಡೆ. ಹುಟ್ಟಿದ ಮೇಲೆ ಪ್ಯಾಂಟು ಹಾಕಿದವಳಲ್ಲ. ಕನ್ನಡಿಯಲ್ಲಿ ನೋಡಿಕೊಂಡರೆ ನಮ್ಮ ಆಸ್ಪತ್ರೆಯ ಆಂಬುಲೆನ್ಸ್ ಡ್ರೈವರನ ಹಾಗೆ ಕಾಣುತ್ತಿದ್ದೆ. ಒಬ್ಬಳೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಸೀರೆಯ ನೆರಿಗೆ ಹಿಡಿಯಲು ಒಂದು ಕೈ, ಪೆಟ್ಟಿಗೆ ಎಳೆಯಲು ಇನ್ನೊಂದು ಕೈ ಬೇಕಾಗಿದ್ದವಳಿಗೆ ಈಗ ಎರಡೂ ಕೈ ಖಾಲಿ. ಅಲ್ಲಿಂದ ವಿಯೆನ್ನಾ, ಆಮೇಲೆ ಬೆಟ್ಟಗಳ ನಡುವಿನ ಬಸ್ಸು, ಲ್ಯುಬ್ಲಿಯಾನಾ, ವೆನಿಸ್. ಸಿಕ್ಕ ಸೀಟಿನಲ್ಲಿ ಕುಳಿತೆ. ಪಕ್ಕದಲ್ಲಿ ಯಾರಿದ್ದಾರೆಂದು ನೋಡುವುದನ್ನು ಬಿಟ್ಟೆ.

ವಾಪಸು ಬಂದ ದಿನ ಅಣ್ಣ ಏರ್‌ಪೋರ್ಟಿಗೆ ಕಾರು ತಂದಿದ್ದ. ಪ್ಯಾಂಟು ನೋಡಿ ಬಾಯಿ ತೆರೆದವನು, ನನ್ನ ಹಿಂದೆ ಏನೂ ಬರದಿದ್ದನ್ನು ನೋಡಿ ಬೇರೆಯದನ್ನೇ ಕೇಳಿದ.

"ಪೆಟ್ಟಿಗೆ ಎಲ್ಲಿ? ವಿಮಾನದೋರು ಕಳೆದ್ರಾ? ಬಾ, ಒಳಗೆ ಹೋಗಿ ಕಂಪ್ಲೇಂಟ್ ಕೊಡೋಣ."

ಅವನೇ ನೆಪ ಹುಡುಕಿ ನನ್ನ ಕೈಗೆ ಕೊಟ್ಟಿದ್ದ. ಹೌದು ಎಂದಿದ್ದರೆ ಮುಗಿಯುತ್ತಿತ್ತು, ಪಂದ್ಯ ನನ್ನದಾಗುತ್ತಿತ್ತು. ಆದರೆ ಸುಳ್ಳು ಹೇಳಿ ನನ್ನ ಮನೆಯನ್ನೇ ನಾನು ಕದ್ದುಕೊಳ್ಳಬೇಕೆ?

"ಇಲ್ಲಣ್ಣ. ರೈಲಲ್ಲಿ ನಾನೇ ಕಳ್ಕೊಂಡೆ" ಎಂದು ಕಾರು ಹತ್ತಿ ಎಲ್ಲವನ್ನೂ ಹೇಳಿದೆ. ಬೀಗ ಹಾಕಿದ ಸ್ಟೇಷನ್ನು, ಅತ್ತಿದ್ದು, ಯಾವುದನ್ನೂ ಬಿಡಲಿಲ್ಲ. ದೇವನಹಳ್ಳಿ ದಾಟಿದೆವು. ಕುಂದಾಣಕ್ಕೆ ತಿರುಗುವ ಜಾಗದಲ್ಲಿ ಅಣ್ಣ ಕಾರನ್ನು ಪಕ್ಕಕ್ಕೆ ನಿಲ್ಲಿಸಿದ.

"ಹಂಗಾದ್ರೆ ನೀನು ಸೋತೆ."

"ಸೋತೆ."

"ಬರೋ ತಿಂಗಳು ಬರ್ತೀಯ ತಾನೇ?"

"ಬರಲ್ಲ."

"ಮಾತು ಕೊಟ್ಟಿದ್ಯಲ್ಲಮ್ಮ."

"ಕೊಟ್ಟಿದ್ದೆ. ಏನಾದ್ರೂ ಆದ್ರೆ ನನ್ ಕೈಲಿ ಆಗಲ್ಲ ಅಂತ ಆವಾಗ ನಾನೂ ನಂಬಿದ್ದೆ. ಆಯ್ತು, ಆದ್ಮೇಲೂ ನನ್ ಕೈಲಿ ಆಯ್ತು. ಇನ್ಯಾಕೆ ಬರ್ಲಿ? ಭಾನುವಾರ ಬಂದು ಒಂದ್ ರಾತ್ರಿ ಇರ್ತೀನಿ, ಸೋಮವಾರ ನಮ್ಮನೆಗೆ ಹೋಗ್ತೀನಿ."

ಅವನು ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡೇ ನನ್ನ ಕಡೆ ತಿರುಗಿದ. "ಅದು ನಮ್ಮನೆ ಅಂತೀಯಲ್ಲ. ನೀನು ಹುಟ್ಟಿ ಬೆಳೆದಿದ್ದು ಇಲ್ಲಿ. ಇದು ಯಾರ ಮನೆ ಹಂಗಾದ್ರೆ?"

"ನಿಮ್ಮನೆ, ಅಣ್ಣ."

ಅವನ ಮುಖ ಸಣ್ಣದಾಯಿತು. ಒಂದು ಸಲ ನಕ್ಕು, ತಮಾಷೆಗೆ ಅಂದೆ ಕಣಣ್ಣ ಎಂದಿದ್ದರೆ ಅವನು ಖಂಡಿತ ನಂಬುತ್ತಿದ್ದ. ನಾನು ನಗಲಿಲ್ಲ. ಅವನು ಕಾರು ಸ್ಟಾರ್ಟ್ ಮಾಡಿ, ಕುಂದಾಣದ ಕಡೆ ತಿರುಗಿಸದೆ ದೊಡ್ಡಬಳ್ಳಾಪುರದ ದಾರಿ ಹಿಡಿದ.