ಒಂದೇ ಮಣ್ಣಿನವರು

ಕಳೆದ ವರ್ಷ ನಾಗರಪಂಚಮಿ ಮುಗಿದ ಮುಂದಿನ ಗುರುವಾರ ಬೆಳಿಗ್ಗೆ, ಹುಮನಾಬಾದಿನ ಒಂದು ಪ್ರೌಢಶಾಲೆಯ ಅಂಗಳದಲ್ಲಿ, ಕುಸ್ತಿ ಆಡಬೇಕಿದ್ದ ಇಬ್ಬರು ಹುಡುಗಿಯರು ಕೈ ಕುಲುಕಿ ಹಿಂದೆ ಸರಿದು ನಿಂತರು. ಒಬ್ಬಳು ನನ್ನ ಮಗಳು. ಇನ್ನೊಬ್ಬಳು ಅವಳಿಗೆ ಕುಸ್ತಿ ಕಲಿಸಿದ ವಸ್ತಾದರ ಮೊಮ್ಮಗಳು. ಇಬ್ಬರದೂ ಒಂದೇ ತೂಕ; ಶಾಲೆಯ ತಂಡಕ್ಕೆ ಆ ತೂಕದಲ್ಲಿ ಒಬ್ಬಳನ್ನೇ ಆರಿಸಬೇಕಿತ್ತು.

ದೈಹಿಕ ಶಿಕ್ಷಕರು ಸೀಟಿ ಊದಿದರು. ಇಬ್ಬರೂ ಕದಲಲಿಲ್ಲ.

"ಏನ್ರವ್ವಾ, ಬೀಗರ ಭೆಟ್ಟಿ ನಡದದೇನು ಇಲ್ಲಿ? ಕೈ ಕೊಟ್ಟಾತು, ಇನ್ನು ಆಡ್ರಿ!"

"ಆಡಂಗಿಲ್ರಿ ಸರ್," ಎಂದಳು ವಸ್ತಾದರ ಮೊಮ್ಮಗಳು. "ನಾವು ಒಂದೇ ತಾಲೀಮಿನವರು."

"ತಾಲೀಮು ಕಲ್ಯಾಣದಾಗ ಅದ. ಇದು ಸಾಲಿ."

"ಮಂದಿ ಇದ್ದಾರಲ್ರಿ," ಎಂದಳು ನನ್ನ ಮಗಳು.

ನಾನು ಕಂಪೌಂಡಿನ ಪಕ್ಕ ನಿಂತಿದ್ದೆ. ಹುಮನಾಬಾದಿನಿಂದ ಪತ್ರಿಕೆಗೆ ಸುದ್ದಿ ಕಳಿಸುವುದು ನನ್ನ ಕೆಲಸ. ಮನೆ ಬಸವಕಲ್ಯಾಣದಲ್ಲಿ. ಅವರು ಹೇಳಿದ ನಿಯಮ ನನಗೆ ಹೊಸದಲ್ಲ. ಒಬ್ಬ ವಸ್ತಾದರ ಕೈಯಲ್ಲಿ ಕಲಿತವರು, ಒಂದೇ ಕಣದ ಮಣ್ಣು ಹಣೆಗೆ ಹಚ್ಚಿಕೊಂಡವರು, ತಾಲೀಮಿನೊಳಗೆ, ಅಂದರೆ ಗರಡಿಮನೆಯೊಳಗೆ, ದಿನವಿಡೀ ಹಿಡಿದಾಡಬಹುದು. ಜನರ ಮುಂದೆ ಸೋಲು ಗೆಲುವಿಗೆ ಆಡುವಂತಿಲ್ಲ. ಪಂಚಮಿಯ ಕುಸ್ತಿಯಲ್ಲಿ ಗೊತ್ತಿಲ್ಲದೆ ಜೋಡಿ ಬಿದ್ದರೂ ಕೈ ಕೊಟ್ಟು ಸರಿಯುತ್ತಾರೆ, ಪಂಚರು ಬರಾಬರಿ ಎಂದು ಕೂಗುತ್ತಾರೆ, ಜನ ಒಪ್ಪುತ್ತಾರೆ. ಶಾಲೆಯ ಆಯ್ಕೆಯಲ್ಲಿ ಬರಾಬರಿ ಎಂಬುದಿಲ್ಲ.

ಹುಡುಗಿಯರನ್ನು ಆ ಶಾಲೆಗೆ ಸೇರಿಸಲು ಎರಡೂ ಮನೆಯವರಿಗಿದ್ದ ಕಾರಣ ಒಂದೇ: ಅಲ್ಲಿ ಕುಸ್ತಿಯ ಮ್ಯಾಟ್ ಇತ್ತು. ನನ್ನ ಮಗಳಿಗೆ ಕ್ರೀಡಾ ವಸತಿ ಶಾಲೆಗೆ ಹೋಗಬೇಕೆಂಬ ಆಸೆ. ಅದಕ್ಕೆ ಜಿಲ್ಲಾ ಮಟ್ಟದಲ್ಲಿ ಶಾಲೆಯ ಪರವಾಗಿ ಆಡಿದ ದಾಖಲೆ ಬೇಕು. ತಾಲೀಮು ಹೆಸರಿಗೆ ಯುವಕ ಸಂಘ. ಅದರ ಪರವಾಗಿ ಎಷ್ಟು ಕುಸ್ತಿ ಗೆದ್ದರೂ ವಸತಿ ಶಾಲೆಯವರು ಒಪ್ಪುವುದಿಲ್ಲ. ಆದರೆ ಶಾಲೆಯ ಮ್ಯಾಟ್ ವರ್ಷಕ್ಕೊಮ್ಮೆ, ಪಂದ್ಯಗಳು ಹತ್ತಿರ ಬಂದಾಗ, ಹೊರಗೆ ಬರುತ್ತದೆ. ಉಳಿದ ಕಾಲ ಮುರಿದ ಬೆಂಚುಗಳ ಕೆಳಗೆ ಸುತ್ತಿಟ್ಟಿರುತ್ತದೆ. ಕಲಿಯುವುದು ತಾಲೀಮಿನಲ್ಲಿ, ಲೆಕ್ಕಕ್ಕೆ ಬರುವುದು ಶಾಲೆಯಲ್ಲಿ.

ಶಿಕ್ಷಕರು ಮುಂದಿನ ಗುರುವಾರದವರೆಗೆ ಸಮಯ ಕೊಟ್ಟರು. ಆಗಲೂ ಆಡದಿದ್ದರೆ ಖೋಖೋ ತಂಡದ ಹುಡುಗಿಯೊಬ್ಬಳನ್ನು ಆ ತೂಕದಲ್ಲಿ ಕಳಿಸುವುದಾಗಿ ಹೇಳಿದರು. ಚೀಟಿ ಎತ್ತಬಹುದಲ್ಲವೇ ಎಂದು ಕೇಳಿದೆ.

"ಎತ್ತಬಹುದ್ರಿ. ನಾಳಿಗೆ ನೀವೇ ಪೇಪರ್‌ನಾಗ ಹಾಕ್ತೀರಿ, 'ಚೀಟಿ ಎತ್ತಿ ಪೈಲವಾನ' ಅಂತ."

ಬೇರೆಯವರ ಮಗಳಾಗಿದ್ದರೆ ಹಾಕುತ್ತಿದ್ದೆ.

ತೂಕ ಬದಲಿಸುವ ಉಪಾಯ ಹುಡುಗಿಯರದೇ. ವಸ್ತಾದರ ಮೊಮ್ಮಗಳು ಮೇಲಿನ ತೂಕಕ್ಕೆ ಹೋಗುವುದೆಂದು ತೀರ್ಮಾನಿಸಿ ದಿನಾ ಶಾಲೆಗೆ ಹೋಗುವ ಬಸ್ಸಿನಲ್ಲಿ ಬಾಳೆಹಣ್ಣು ತಿನ್ನತೊಡಗಿದಳು. ಸಸ್ತಾಪುರ ಬಂಗ್ಲಾ ಸ್ಟಾಪ್ ದಾಟುವ ಮೊದಲೇ ಕಿಟಕಿಯಿಂದ ತಲೆ ಹೊರಹಾಕಿ ಎಲ್ಲವನ್ನೂ ಕಕ್ಕಿದಳು. ಕಂಡಕ್ಟರ್ ಬೈದ. ಅದಾಗದೆ ನನ್ನ ಮಗಳು ಕೆಳಗಿನ ತೂಕಕ್ಕಾಗಿ ರೊಟ್ಟಿ ಬಿಟ್ಟಳು. ಅದು ಗೊತ್ತಾದ ದಿನ ನನ್ನ ಹೆಂಡತಿ ತಾಟು ತಂದು ಅವಳ ಮುಂದೆ ಕುಕ್ಕಿದಳು.

"ಸಂತಿಗೆ ಒಯ್ಯೂ ಎಮ್ಮಿ ಏನ್ ನೀನು, ಒಮ್ಮೆ ಹೊಟ್ಟಿ ತುಂಬ್ಸಾಕ, ಒಮ್ಮೆ ಒಣಗ್ಸಾಕ? ಉಣ್ಣು." ಆಮೇಲೆ ನನ್ನ ಕಡೆ ತಿರುಗಿದಳು. "ನೀವು ಊರ ಮಂದಿ ಜಗಳೆಲ್ಲಾ ಬರಿತೀರಿ. ಇದೊಂದು ಬಗಿಹರಸ್ರಿ."

ಬಗೆಹರಿಸಲು ನಾನು ವಸ್ತಾದರ ಬಳಿ ಹೋದೆ.

ಅವರು ಬೆಳಿಗ್ಗೆ ಹಾಲಿನ ಟೆಂಪೋ ಓಡಿಸುತ್ತಾರೆ, ಸಂಜೆ ತಾಲೀಮು ನೋಡಿಕೊಳ್ಳುತ್ತಾರೆ. ಹುಡುಗಿಯರಿಗೆ ಕಣದೊಳಗೆ ಕಾಲಿಡಲು ಬಿಟ್ಟವರು ಅವರೇ. ಮೊದಲು ಮೊಮ್ಮಗಳಿಗೆ, ಆಮೇಲೆ ಅವಳಿಗೆ ಜೋಡಿಯಾಗಿ ನನ್ನ ಮಗಳಿಗೆ. ಆಗ ಹಳೆಯ ಪೈಲವಾನನೊಬ್ಬ ಬಾಗಿಲಲ್ಲೇ ನಿಂತು, "ವಸ್ತಾದ್, ನಾಳೆ ಒಲಿನೂ ಇಲ್ಲೇ ಹೂಡ್ತೀರೇನು?" ಎಂದಿದ್ದ. "ಹೂಡ್ತೀನಿ. ನಿಂಗ ರೊಟ್ಟಿ ಬಡ್ಯಾಕ ಬರ್ತದೇನು?" ಎಂದಿದ್ದರು. ಅವನು ಆಮೇಲೆ ಬರಲಿಲ್ಲ. ಅವನ ಹಿಂದೆ ಇನ್ನೂ ಕೆಲವರು ಬಿಟ್ಟರು. ಹಾಗಾಗಿ ಅವರೆದುರು ನಿಂತು ಏನನ್ನಾದರೂ ಕೇಳುವುದು ನನಗೆ ಸುಲಭವಿರಲಿಲ್ಲ.

ನಾನು ಹೋದಾಗ ಕಣದ ಕೆಂಪು ಮಣ್ಣಿಗೆ ಮಜ್ಜಿಗೆ ಚಿಮುಕಿಸಿ ಸಲಿಕೆಯಿಂದ ಮಗುಚುತ್ತಿದ್ದರು. ವಿಷಯ ಅವರಿಗೆ ತಿಳಿದಿತ್ತು.

"ಒಂದು ಸಲಕ್ಕ ಆಡ್ರಿ ಅಂತ ನೀವು ಹೇಳಿದ್ರ ಸಾಕ್ರಿ," ಎಂದೆ.

"ಹೇಳಬಹುದು ಸಾಬ್. ಇವತ್ತು ಮಂದಿ ಮುಂದ ಆಡ್ತಾರ. ನಾಳಿಂದ ಒಬ್ಬಾಕಿ ತನ್ನ ಪಟ್ಟು ಇನ್ನೊಬ್ಬಾಕಿಗಿ ತೋರಸಂಗಿಲ್ಲ. ಮುಚ್ಚಿಡ್ತಾಳ. ಹಂಗಾದ್ರ ತಾಲೀಮು ಯಾಕ ಬೇಕು?"

"ಮತ್ತ ಹ್ಯಾಂಗ ಮಾಡೂದ್ರಿ?"

ಅವರು ಸಲಿಕೆ ನೆಟ್ಟು ನಿಂತರು. "ಮಣ್ಣು ಬಿಟ್ಟವರು ಆಡಬಹುದು. ಅದಕ್ಕ ಯಾರದೂ ತಕರಾರಿಲ್ಲ."

ಮಣ್ಣು ಬಿಡುವುದೆಂದರೆ ಕಣದ ಅಂಚಿನಲ್ಲಿ ಕಾಯಿ ಒಡೆದು, ಕಾಲು ತೊಳೆದುಕೊಂಡು, ಹಿಂದಕ್ಕೆ ನೋಡದೆ ಹೊರಗೆ ನಡೆಯುವುದು. ವಸ್ತಾದರು ತಾವಾಗಿ ಕರೆಯುವವರೆಗೆ ಒಳಗೆ ಬರುವಂತಿಲ್ಲ. ಇಬ್ಬರಲ್ಲಿ ಯಾರು ಎಂದು ನಾನು ಕೇಳಬೇಕಾಗಲಿಲ್ಲ. ಕಣದ ಪಕ್ಕದ ಬಾಗಿಲನ್ನು ತೋರಿಸಿ ಅವರೇ ಹೇಳಿದರು:

"ನನ್ನ ಮೊಮ್ಮಗಳು ಹ್ಯಾಂಗ ಬಿಡ್ತಾಳ? ಆಕಿ ಮಲಗೂ ಖೋಲಿನೇ ಅದು."

ಮನೆಯಲ್ಲಿ ಇದನ್ನು ಇದ್ದಂತೆ ಹೇಳಿದೆ. ಮಗಳು ಕೇಳಿದ್ದು ಒಂದೇ ಪ್ರಶ್ನೆ. "ಬಿಟ್ರ ಮುಂದ ಎಲ್ಲಿ ಆಡ್ಲಿ ಪಪ್ಪಾ?"

"ಸಾಲ್ಯಾಗ."

"ಸಾಲ್ಯಾಗ ಮ್ಯಾಟ್ ಮ್ಯಾಲ ಇಲಿ ಆಡ್ತಾವ."

ಬಿಡದಿದ್ದರೆ ಇಬ್ಬರೂ ತಂಡದಲ್ಲಿಲ್ಲ. ಬಿಟ್ಟರೆ ಒಬ್ಬಳಿಗೆ ತಾಲೀಮಿಲ್ಲ. ಮಂಗಳವಾರ ಶಾಲೆಯಿಂದ ಬರುವಾಗ ಅವಳೇ ಒಂದು ತೆಂಗಿನಕಾಯಿ ತಂದಳು. ಸಂಜೆ ನಾನೂ ಜೊತೆಗೆ ಹೋದೆ. ಕಾಯಿ ಒಡೆಯಿತು. ವಸ್ತಾದರು ತಾವೇ ತಂಬಿಗೆಯಿಂದ ಅವಳ ಕಾಲಿಗೆ ನೀರು ಹಾಕಿದರು. ಮೊಮ್ಮಗಳು ಖೋಲಿಯಿಂದ ಹೊರಗೆ ಬರಲಿಲ್ಲ. ಮಗಳು ಹಿಂದಕ್ಕೆ ನೋಡದೆ ಹೊರಗೆ ನಡೆದಳು.

ಗುರುವಾರ ಇಬ್ಬರೂ ಆಡಿದರು. ಬಹಳ ಹೊತ್ತು ಯಾರೂ ಬೀಳಲಿಲ್ಲ. ಒಬ್ಬಳ ಮುಂದಿನ ಹೆಜ್ಜೆ ಇನ್ನೊಬ್ಬಳಿಗೆ ಮೊದಲೇ ಗೊತ್ತಿತ್ತು. ಕೊನೆಗೆ ನನ್ನ ಮಗಳು ಕಾಲು ಹಿಡಿಯಲು ಬಗ್ಗಿದಾಗ ವಸ್ತಾದರ ಮೊಮ್ಮಗಳು ಮೇಲಿನಿಂದ ಕುತ್ತಿಗೆ ಒತ್ತಿ, ಸುತ್ತಿ, ಬೆನ್ನು ತಾಗಿಸಿದಳು. ಸೀಟಿ ಊದಿದ ಮೇಲೆ ಗೆದ್ದವಳು ಅಲ್ಲೇ ಕುಳಿತು ಅತ್ತಳು. ಸೋತವಳು ಅವಳನ್ನು ಎಬ್ಬಿಸಿದಳು.

"ಅಳೂದ್ಯಾಕ ಹುಚ್ಚಿ, ಬೆನ್ನು ನಂದು ನೋಯಾಕತ್ತದ."

ವಸ್ತಾದರ ಮೊಮ್ಮಗಳು ಜಿಲ್ಲಾ ಪಂದ್ಯಕ್ಕೆ ಬೀದರಿಗೆ ಹೋಗಿ ಎರಡನೇ ಸುತ್ತಿನಲ್ಲಿ ಸೋತು ಬಂದಳು. ಮ್ಯಾಟ್ ಮತ್ತೆ ಬೆಂಚುಗಳ ಕೆಳಗೆ ಸೇರಿತು.

ಆಮೇಲಿನ ತಿಂಗಳುಗಳಲ್ಲಿ ನಾನು ಕಂಡದ್ದು ಇಷ್ಟು. ಮಗಳು ಬೆಳಿಗ್ಗೆ ಕೋಟೆಯ ಸುತ್ತ ಓಡುತ್ತಾಳೆ, ಮಾಳಿಗೆಯ ಮೇಲೆ ಬಸ್ಕಿ ಹೊಡೆಯುತ್ತಾಳೆ. ಹಿಡಿಯಲು ಎದುರಿಗೆ ಮೈ ಇಲ್ಲ. ಒಮ್ಮೆ ನನ್ನನ್ನೇ ಕರೆದಳು. ನಾನು ಬಿದ್ದೆ. ಸೊಂಟಕ್ಕೆ ಎಣ್ಣೆ ತಿಕ್ಕುತ್ತ ಹೆಂಡತಿ, "ಇದೂ ಪೇಪರ್‌ನಾಗ ಹಾಕ್ರಿ," ಎಂದಳು. ಅತ್ತ ತಾಲೀಮಿನಲ್ಲಿ ವಸ್ತಾದರ ಮೊಮ್ಮಗಳಿಗೂ ಜೋಡಿ ಇಲ್ಲ. ಚಿಕ್ಕ ಹುಡುಗರೊಂದಿಗೆ ಆಡುತ್ತಾಳೆ. ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂರುತ್ತಾರೆ, ಒಂದೇ ಡಬ್ಬಿಯಲ್ಲಿ ಉಣ್ಣುತ್ತಾರೆ. ಅದೇ ಬಸ್ಸಿನಲ್ಲಿ ಹೋಗುವ ನನಗೆ ಅವರ ಮಾತು ಕೇಳಿಸುತ್ತದೆ. "ನಿನ್ನಿ ಏನು ಕಲಿಸಿದ್ರು?" ಎಂದು ನನ್ನ ಮಗಳು ಕೇಳುತ್ತಾಳೆ. "ಏನಿಲ್ಲ," ಎನ್ನುತ್ತಾಳೆ ವಸ್ತಾದರ ಮೊಮ್ಮಗಳು.

ಈ ವರ್ಷದ ಪಂಚಮಿಯ ಮರುದಿನ ಹಾಲಿನ ಟೆಂಪೋ ನಮ್ಮ ಬಾಗಿಲಿಗೆ ಬಂತು. ವಸ್ತಾದರು ಇಳಿದು ಒಂದು ಬಕೆಟ್ ಒಳಗಿಟ್ಟರು. ಕಣದ ಮಣ್ಣು. ಎಣ್ಣೆ, ಅರಿಶಿನ, ಮಜ್ಜಿಗೆಯ ವಾಸನೆ ಇನ್ನೂ ಹಸಿಯಾಗಿತ್ತು.

"ನಾನೇ ಕರಿಯಾಕ ಬಂದೀನಿ ಅಂತ ಹೇಳ್ರಿ ಬೇಟಿಗಿ. ಹಣಿಗಿ ಹಚ್ಕೊಂಡು ಸಂಜಿಗಿ ಬರ್ಲಿ."

"ಆಯ್ಕಿ ಮುಂದಿನ ಗುರುವಾರ ಅದರಿ," ಎಂದೆ.

"ಗೊತ್ತದ," ಎಂದರು. ಚಹಾ ಬೇಡವೆಂದು ಟೆಂಪೋ ಹತ್ತಿದರು.

ಶಾಲೆಯಲ್ಲಿ ತೂಕ ನೋಡಿದ್ದಾರೆ. ಇಬ್ಬರೂ ಈ ವರ್ಷವೂ ಒಂದೇ ತೂಕ; ಮಣ್ಣು ಹಚ್ಚಿಕೊಂಡರೆ ಗುರುವಾರ ಮತ್ತೆ ಆಡುವಂತಿಲ್ಲ. ಮಗಳು ಬಕೆಟ್ಟಿನ ಮೇಲೆ ಒಂದು ತಾಟು ಮುಚ್ಚಿ ಮಾಳಿಗೆಯ ಮೆಟ್ಟಿಲ ಕೆಳಗೆ ಇಟ್ಟಿದ್ದಾಳೆ. ಮಣ್ಣು ಒಣಗದಂತೆ ದಿನಾ ಬೆಳಿಗ್ಗೆ ತಾಟು ಸರಿಸಿ ಸ್ವಲ್ಪ ನೀರು ಚಿಮುಕಿಸುತ್ತಾಳೆ. ಹಣೆಗೆ ಇನ್ನೂ ಹಚ್ಚಿಕೊಂಡಿಲ್ಲ; ಕೈ ತೊಳೆದುಕೊಂಡು ಬಸ್ಸಿಗೆ ಹೋಗುತ್ತಾಳೆ. ಇಂದು ಸೋಮವಾರ.