ಕಾಕು ಕೊಟ್ಟ ಕುಂಡ

ಮೊನ್ನೆ ಅಂಗಳದ ಕುಂಡದಲ್ಲಿ ಒಣಗಿದ ಕಡ್ಡಿಯೊಂದನ್ನು ಮುರಿದೆ. ಬೆರಳಿಗೆ ಸೇವಂತಿಗೆಯ ಕಹಿ ವಾಸನೆ ಹತ್ತಿತು. ಸಾಬೂನು ಹಚ್ಚಿ ತೊಳೆದರೂ ಹೋಗಲಿಲ್ಲ. ಉದಗೀರದ ಕಾಕು ನೆನಪಾದರು...

ಮದುವೆಯಾದ ಹೊಸದರಲ್ಲಿ ನಾವು ಅಲ್ಲಿ ಬಾಡಿಗೆಗಿದ್ದೆವು. ಪಕ್ಕದ ಮನೆಯ ಹಿರಿಯಾಕೆಗೆ ಓಣಿಯೆಲ್ಲ ಕಾಕು ಎನ್ನುತ್ತಿತ್ತು. ಎರಡೂ ಮನೆಗಳ ನಡುವೆ ಗೋಡೆ ಇರಲಿಲ್ಲ, ಅವರ ಹೂವಿನ ಪಾತಿ ಇತ್ತು. ದಸರೆಗೆ ಬಾಗಿಲಿಗೆ ಕಟ್ಟಿದ ಚೆಂಡುಹೂವಿನ ಮಾಲೆಯನ್ನು ಅವರು ಎಸೆಯುತ್ತಿರಲಿಲ್ಲ. ಒಣಗಿಸಿಟ್ಟು, ಮುಂದಿನ ಮೊದಲ ಮಳೆಗೆ ಅಂಗೈಯಲ್ಲಿ ತಿಕ್ಕಿ ಸೇವಂತಿಗೆಯ ಸಾಲಿನ ನಡುವೆ ಉದುರಿಸುತ್ತಿದ್ದರು. ಆ ಸೇವಂತಿಗೆ ಜಳಕೋಟದ ತವರಿನದು. ತವರಿನಲ್ಲಿ ಆಗಲೇ ಯಾರೂ ಉಳಿದಿರಲಿಲ್ಲ. ಹೂವಿನ ದಿನಗಳಲ್ಲಿ ಅವರ ಲಿಂಗಪೂಜೆಗೆ ಅದೇ ಬೇಕು.

“ಚೆಂಡುಹೂ ಅಂದ್ರ ಪಾವಣೇರಿದ್ದಂಗ, ಬಂದು ಹೋಗ್ತಾವ. ಶಾವಂತಿಗಿ ಮನಿ ಮಂದಿ,” ಎನ್ನುತ್ತಿದ್ದರು.

ಸಂಕ್ರಾಂತಿ ಮುಗಿಸಿ ಮಗಳ ಬಾಣಂತನಕ್ಕೆ ನಿಲಂಗಾಕ್ಕೆ ಹೊರಟಾಗ ನನಗೆ ಹೇಳಿದರು: “ಒಣಗಿದ್ದು ಕಿತ್ತಿ ಹಾಕವ್ವಾ. ನೀರ್ ಹಾಕೂದ್ ಮಾತ್ರ ಬಿಡಬ್ಯಾಡ.”

ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ! ಚೆಂಡುಹೂವೂ ಒಣಗಿತು, ಸೇವಂತಿಗೆಯೂ ಒಣಗಿತು. ಒಣಗಿದ್ದನ್ನು ಕೀಳು ಅಂದವರು ನೀರು ಯಾವುದಕ್ಕೆ ಹಾಕು ಅಂದರು? ಫೋನು ಮಾಡಿ ಕೇಳಬಹುದಿತ್ತು, ಇಷ್ಟಕ್ಕೇಕೆ ಅಂದುಕೊಂಡೆ. ಎರಡನ್ನೂ ಬುಡಸಮೇತ ಕಿತ್ತು ತಿಪ್ಪೆಗೆ ಹಾಕಿ, ಬರಿಮಣ್ಣಿಗೆ ದಿನಾ ನಿಷ್ಠೆಯಿಂದ ನೀರು ಹಾಕಿದೆ.

ಕಿತ್ತ ನಾಲ್ಕು ದಿನಕ್ಕೆ, ಬಾಣಂತನ ಮುಗಿಸಿ ಕಾಕು ಬಂದರು.

“ಶಾವಂತಿಗಿ ಎಲ್ಲದ?”

“ಒಣಗಿತ್ತು ರೀ ಕಾಕು, ಕಿತ್ತೀನ್ರೀ.”

ಬಗ್ಗಿ ಮಣ್ಣು ಮುಟ್ಟಿ ನೋಡಿದರು. “ಹೂಂ, ಸ್ವಚ್ಛ ಮಾಡೀದಿ,” ಅಂದು ಒಳಗೆ ಹೋದರು. ಸಿಟ್ಟೋ, ಸಮಾಧಾನವೋ... ಇಂದಿಗೂ ತಿಳಿದಿಲ್ಲ. ಸೇವಂತಿಗೆ ಮೇಲೆ ಒಣಗಿದರೂ ಬುಡದಲ್ಲಿ ಜೀವ ಹಿಡಿದಿರುತ್ತದೆ ಎಂದು ನಮ್ಮತ್ತೆ ಹೇಳಿದ ಮೇಲೆ ನನಗೆ ಅಳುವೇ ಬಂತು. ತಪ್ಪಾಯಿತು ಎನ್ನಲು ಮೂರು ಸಲ ಅವರ ಮನೆಗೆ ಹೋದೆ. ಮೂರು ಸಲವೂ ಚಹಾ ಕುಡಿದು ಬಂದೆ.

ಆ ಮಳೆಗಾಲ ಪಾತಿಯಲ್ಲಿ ಚೆಂಡುಹೂವಷ್ಟೇ ಎದ್ದಿತು. ಅಷ್ಟರಲ್ಲಿ ನಮಗೆ ವರ್ಗವಾಯಿತು. ಸಾಮಾನು ಏರಿಸುವಾಗ ಕಾಕು ಒಂದು ಕುಂಡ ತಂದಿಟ್ಟರು. ಅದರ ತುಂಬ ಚೆಂಡುಹೂವಿನ ಸಸಿ.

“ನೀರ್ ಹಾಕೂದ್ ಬಿಡಬ್ಯಾಡ,” ಅಂದರು, ಅಷ್ಟೇ.

ದಸರೆ ಕಳೆದು ಚೆಂಡುಹೂವು ಬಾಡಿತು. ಅದರ ಮರೆಯಲ್ಲಿ ಸೇವಂತಿಗೆ ಮೊಗ್ಗು ಬಿಟ್ಟಿತ್ತು! ತಿಪ್ಪೆ ಕೆದರಿ ಬೇರು ಆರಿಸಿದ್ದರೇ? ಹಾಗಿದ್ದರೆ ತಮ್ಮ ಪಾತಿಯಲ್ಲಿ ಏಕೆ ಊರಲಿಲ್ಲ? ಮಣ್ಣಿನಲ್ಲೇ ಒಂದು ತುಣುಕು ಉಳಿದು, ಅವರಿಗೂ ತಿಳಿಯದೆ ಬಂದಿತೇ? ಅಥವಾ ತಿಳಿದೇ, ಕಿತ್ತವಳ ಕೈಗೇ ಕೊಟ್ಟರೇ... ಉದಗೀರಕ್ಕೆ ಹೋದಾಗ ಕೇಳಿದರಾಯಿತು ಎಂದುಕೊಂಡೆ. ನಾನು ಹೋಗುವ ಮುನ್ನವೇ ಕಾಕು ತೀರಿಕೊಂಡರು. ಪಾತಿಯಿದ್ದ ಜಾಗದಲ್ಲಿ ಈಗ ಕಲ್ಲು ಹಾಸಿದ್ದಾರೆ. ಜಳಕೋಟದ ಸೇವಂತಿಗೆ ಇನ್ನು ನನ್ನ ಕುಂಡದಲ್ಲಿ ಮಾತ್ರ.

ಮೊನ್ನೆ ಮುರಿದ ಕಡ್ಡಿ ಒಳಗೂ ಒಣಗಿತ್ತು. ಬುಡದಲ್ಲಿ ಹಸಿರು ಕಾಣಲಿಲ್ಲ. ಸತ್ತಿದೆಯೋ, ಮಲಗಿದೆಯೋ, ಕೇಳೋಣವೆಂದರೆ ಕಾಕು ಇಲ್ಲ. ಕೀಳಲಿಲ್ಲ. ಒಂದು ತಂಬಿಗೆ ನೀರು ಹಾಕಿದೆ.