ಯಾರ್‍ಯಾರು ಬರ್ತಾರೆ ಅಂತ ಕೇಳಿ ವೈನ್ ಕೊಡುವ ವಂಡಾ

ಬೆಳಗಿನ ಆರೂವರೆ. ನ್ಯೂಯಾರ್ಕ್ ರಾಜ್ಯದ ಜಿನೀವಾ ಊರಿನ ಮುಖ್ಯ ಬೀದಿಯಲ್ಲಿ ಇನ್ನೂ ನಸುಗತ್ತಲೆ. ಸೆನೆಕಾ ಸರೋವರದ ಕಡೆಯಿಂದ ಬೀಸುವ ಗಾಳಿಗೆ ಕಿವಿ ಮರಗಟ್ಟುತ್ತದೆ. ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ, ಮನೆಮಂದಿಯೆಲ್ಲ ಸೇರಿ ಉಣ್ಣುವ ಆ ದಿನಕ್ಕೆ, ಉಳಿದಿರುವುದು ಎರಡೇ ದಿನ. ವೈನ್ ಅಂಗಡಿಯ ಹಿಂಬಾಗಿಲಲ್ಲಿ ಲಾರಿಯೊಂದು ಅರವತ್ತನಾಲ್ಕು ಪೆಟ್ಟಿಗೆ ಇಳಿಸಿ ಹೋಗಿದೆ. ಉಣ್ಣೆ ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡ ವಂಡಾ ಕ್ರೂಪಾ ಅವನ್ನು ಒಂದೊಂದಾಗಿ ಎತ್ತಿ ಒಳಗೆ ಸಾಗಿಸುತ್ತಿದ್ದಾರೆ. ಒಂದೊಂದರಲ್ಲೂ ಹನ್ನೆರಡು ಬಾಟಲಿ. ವಂಡಾಗೆ ಈಗ ಅರವತ್ತಮೂರು.

ಪೆಟ್ಟಿಗೆಗಳೆಲ್ಲ ಒಳಗೆ ಬಂದ ಮೇಲೆ ಅವರು ಆರು ಬಾಟಲಿಗಳ ಬಿರಡೆ ತೆಗೆಯುತ್ತಾರೆ. ದಿನವಿಡೀ ಗಿರಾಕಿಗಳಿಗೆ ರುಚಿ ತೋರಿಸಲು ಇವು. ಒಂದೊಂದರಿಂದಲೂ ಒಂದು ಗುಟುಕು ಬಾಯಿಗೆ ಹಾಕಿ, ಕಣ್ಣು ಮುಚ್ಚಿ ನಾಲಿಗೆಯ ಮೇಲೆ ಹೊರಳಿಸಿ, ಪಕ್ಕದ ಬಕೆಟ್ಟಿಗೆ ಉಗುಳುತ್ತಾರೆ. ಲೋಟವನ್ನು ಮೂಗಿನ ಹತ್ತಿರ ಒಯ್ಯುವುದಿಲ್ಲ. ಆ ಕೆಲಸ ಟೆರೆನ್ಸ್‌ನದು. ಹಿಂದೆ ಅಂಚೆ ಹಂಚುತ್ತಿದ್ದ ಈತ ಏಳೂವರೆಗೆ ಸರಿಯಾಗಿ ಬಂದು, ಕೋಟು ಬಿಚ್ಚುವ ಮೊದಲೇ ಆರೂ ಲೋಟ ಮೂಸುತ್ತಾನೆ.

"ಮೂರನೇದು?" ವಂಡಾ ಕೇಳುತ್ತಾರೆ.

"ಚೆನ್ನಾಗಿದೆ."

"ಚೆನ್ನಾಗಿದೆ ಅಂದ್ರೆ? ನನ್ನ ಮೂಗು ಮುಚ್ಚಿದೆ ಅಂತ ನೀನು ಬಾಯಿ ಮುಚ್ಕೊಂಡ್ರೆ ಹೇಗಯ್ಯ?"

"ಪೀಚ್ ಹಣ್ಣು. ಮಳೆ ಬಿದ್ದ ಕಲ್ಲು. ಕೆಟ್ಟಿಲ್ಲ, ಸಾಕಾ ಮಾರಾಯ್ತಿ?"

"ಹಾಗೆ ಬಾಯಿಬಿಟ್ಟು ಹೇಳು."

ವಂಡಾಗೆ ಮೂರು ವರ್ಷದಿಂದ ಯಾವ ವಾಸನೆಯೂ ತಿಳಿಯುವುದಿಲ್ಲ. ಆದರೂ ಈ ಊರಿನ ಅರ್ಧಕ್ಕರ್ಧ ಮನೆಗಳ ಹಬ್ಬದ ಮೇಜಿಗೆ ವೈನ್ ಆರಿಸುವವರು ಅವರೇ.

ಅವರು ಹುಟ್ಟಿದ್ದು ಈರಿ ಸರೋವರದ ದಂಡೆಯ ಡನ್‌ಕರ್ಕ್‌ನಲ್ಲಿ. ಪೋಲೆಂಡಿನಿಂದ ಬಂದವರ ಕೇರಿ, ಉಕ್ಕಿನ ಕಾರ್ಖಾನೆಗೆ ಹೋಗುವ ಅಪ್ಪ, ಮನೆಯಲ್ಲಿ ಬಿಯರ್ ಬಿಟ್ಟರೆ ಬೇರೆ ಕುಡಿತವಿಲ್ಲ. ಮದುವೆಯಾಗಿ ಜಿನೀವಾಕ್ಕೆ ಬಂದರು. ಗಂಡ ಬಿಟ್ಟುಹೋದ ಮೇಲೆ ಹದಿನೇಳು ವರ್ಷ ಶಾಲೆಯ ಅಡುಗೆಮನೆಯಲ್ಲಿ ದಿನಕ್ಕೆ ನಾನೂರು ಮಕ್ಕಳಿಗೆ ಬೇಯಿಸಿ ಹಾಕಿದರು. ಆ ಅಡುಗೆಮನೆ ಮುಚ್ಚಿ ಊಟವನ್ನು ಹೊರಗಿನಿಂದ ತರಿಸಲು ಶುರುವಾದಾಗ ವಂಡಾಗೆ ನಲವತ್ತೊಂದು. ವೈನ್ ಅಂಗಡಿಯ ಮಾಲೀಕ ಗೋರ್ಡನ್ ಡೀಟ್ಸ್ ಅವರನ್ನು ಪೆಟ್ಟಿಗೆ ಹೊರಲು ಕೆಲಸಕ್ಕೆ ಇಟ್ಟುಕೊಂಡ. ರುಚಿ ತೋರಿಸಿ ಉಳಿದ ಬಾಟಲಿಗಳನ್ನು ಸಂಜೆ ಮನೆಗೆ ಒಯ್ಯಬಹುದಿತ್ತು. ವಂಡಾ ಒಯ್ದರು. ಮಾಂಸದ ಮುದ್ದೆ, ಎಲೆಕೋಸಿನ ಸುರುಳಿ, ತಣ್ಣಗಿನ ಆಲೂಗಡ್ಡೆ, ಅವತ್ತು ಏನು ಬೇಯಿಸಿದ್ದರೋ ಅದರ ಜೊತೆ ಒಂದೊಂದು ಗುಟುಕು ಕುಡಿದು ನೋಡಿದರು.

"ಪುಸ್ತಕ ಓದ್ಲಿಲ್ಲ ನಾನು," ಎನ್ನುತ್ತಾರೆ. "ಯಾವುದನ್ನ ಕುಡಿದ್ಮೇಲೆ ಇನ್ನೊಂದು ತುತ್ತು ಬೇಕು ಅನ್ಸುತ್ತೆ, ಅದನ್ನಷ್ಟೇ ನೆನಪಿಟ್ಕೊಂಡೆ."

ಎಂಟಕ್ಕೆ ಬಾಗಿಲು ತೆರೆಯುತ್ತದೆ. ಮಾಮೂಲಿ ದಿನ ಅವರನ್ನು ಕೇಳಿಕೊಂಡು ಬರುವವರು ಮೂವತ್ತೋ ನಲವತ್ತೋ. ಹಬ್ಬದ ಹಿಂದಿನ ಎರಡು ದಿನ ಮಾತ್ರ ಮುನ್ನೂರು ದಾಟುತ್ತದೆ. ಬರುವವರೆಲ್ಲ ಒಂದೇ ಪ್ರಶ್ನೆ ತರುತ್ತಾರೆ: ಟರ್ಕಿ ಕೋಳಿಗೆ ಯಾವ ವೈನ್? ವಂಡಾ ಅದಕ್ಕೆ ನೇರ ಉತ್ತರ ಕೊಡುವುದಿಲ್ಲ.

"ಯಾರ್‍ಯಾರು ಬರ್ತಾರೆ?" ಎಂದು ಹಸಿರು ಸ್ವೆಟರಿನ ಹೆಂಗಸೊಬ್ಬಳನ್ನು ಕೇಳುತ್ತಾರೆ.

"ಹನ್ನೊಂದು ಜನ. ನಮ್ಮತ್ತೆನೂ ಸೇರಿ."

"ಕೋಳಿ ಯಾರು ಸುಡೋದು?"

"ಅತ್ತೆನೇ."

"ಒಣಗಿಸ್ತಾರಾ?"

ಹೆಂಗಸು ಆಚೀಚೆ ನೋಡಿ ದನಿ ತಗ್ಗಿಸುತ್ತಾಳೆ. "ಮರದ ಹೊಟ್ಟು."

"ಹಾಗಾದ್ರೆ ಆ ದಪ್ಪ ಕೆಂಪು ವೈನ್ ಕೆಳಗಿಡು ಮಗಾ. ಬಾಯಲ್ಲಿರೋ ಪಸೆನೂ ಹೀರ್‍ಕೊಂಡ್ಬಿಡುತ್ತೆ. ಇಲ್ಲಿನ ಬಿಳಿ ವೈನ್, ಈ ರೀಸ್ಲಿಂಗ್, ನಾಲ್ಕು ತಗೋ. ಸಿಹಿಗೆಣಸು ಮಾಡ್ತೀರಲ್ಲ? ಸ್ವಲ್ಪ ಸಿಹಿ ಇರೋದೇ ಇರ್ಲಿ. ಕೆಂಪೇ ಬೇಕು ಅನ್ನೋರಿಗೆ ಈ ತೆಳ್ಳಂದು ಎರಡು. ಇದನ್ನ ಅರ್ಧ ಗಂಟೆ ತಣ್ಣಗೆ ಮಾಡಿ ಕೊಡು."

"ಅತ್ತೆ ಏನಾದ್ರೂ ಅಂದ್ರೆ?"

"ವಂಡಾ ಕೊಟ್ಟಿದ್ದು ಅನ್ನು. ಅವರಿಗೂ ನಾನೇ ಕೊಡೋದು, ಇಪ್ಪತ್ತು ವರ್ಷದಿಂದ."

ಮೂರು ವರ್ಷದ ಹಿಂದೆ, ಏಪ್ರಿಲ್ ತಿಂಗಳಲ್ಲಿ, ಹತ್ತು ದಿನದ ಜ್ವರ ಬಂದು ಹೋಯಿತು. ಹೋಗುವಾಗ ವಾಸನೆಯನ್ನೂ ಕರೆದುಕೊಂಡು ಹೋಯಿತು. ಕಾಫಿ ಬಿಸಿನೀರಿನಂತಾಯಿತು. ಒಲೆಯ ಮೇಲೆ ಹಾಲು ಸೀದರೂ ಹೊಗೆ ಕಣ್ಣಿಗೆ ಬೀಳುವ ತನಕ ತಿಳಿಯಲಿಲ್ಲ. ಇನ್ನೇನು ಬರುತ್ತದೆ ಎಂದರು ವೈದ್ಯರು. ಬರಲಿಲ್ಲ. ವಂಡಾ ಯಾರಿಗೂ ಹೇಳಲಿಲ್ಲ. ಏಳು ತಿಂಗಳು ಲೋಟ ಎತ್ತಿ, ಮೂಸಿದಂತೆ ಮಾಡಿ, ತಲೆಯಾಡಿಸಿ, ನೆನಪಿನಲ್ಲಿದ್ದುದನ್ನು ಹೇಳುತ್ತಾ ಕಾಲ ತಳ್ಳಿದರು.

ಆ ವರ್ಷ ಹಬ್ಬದ ಹಿಂದಿನ ಶನಿವಾರ ಅಂಗಡಿಯಲ್ಲಿ ಮೂವತ್ತು ಜನರಿಗೆ ಒಂದೇ ಬಾಟಲಿಯ ಬಿಳಿ ವೈನ್ ಗುಟುಕು ಗುಟುಕಾಗಿ ಸುರಿದುಕೊಟ್ಟರು. ಆ ಬಾಟಲಿ ಕೆಟ್ಟಿತ್ತು. ಬಿರಡೆಯ ದೋಷದಿಂದ ಹೀಗಾಗುವುದುಂಟು, ಮೂಸಿದರೆ ತಕ್ಷಣ ಗೊತ್ತಾಗುತ್ತದೆ. ಕೊಟ್ಟವರು ವಂಡಾ ಎಂದು ಜನ ತೆಪ್ಪಗೆ ಕುಡಿದರು. ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮಿಸೆಸ್ ಪೆಟಿಂಗಿಲ್ ಮಾತ್ರ ಲೋಟ ಕೆಳಗಿಟ್ಟರು.

"ವಂಡಾ, ನೆನೆದ ರಟ್ಟಿನ ಹಾಗೆ ನಾರ್ತಿದೆ ಇದು. ಮೂಸಿ ನೋಡಿದ್ಯಾ?"

"ನೋಡಿದೆ."

"ಇನ್ನೊಂದ್ಸಲ ನೋಡು."

ಎಲ್ಲರೂ ನೋಡುತ್ತಿದ್ದರು. ವಂಡಾ ಲೋಟವನ್ನು ಮೂಗಿಗೆ ಹಿಡಿದು ಎರಡು ಸಲ ಉಸಿರೆಳೆದರು. ಆಮೇಲೆ, "ನಂಗೇನೂ ಗೊತ್ತಾಗ್ತಿಲ್ಲ. ಏಪ್ರಿಲ್‌ನಿಂದ ಏನೂ ಗೊತ್ತಾಗ್ತಿಲ್ಲ," ಎಂದರು. ಲೋಟ ಇಟ್ಟು ಹಿಂದಿನ ಕೋಣೆಗೆ ಹೋಗಿ ಪೆಟ್ಟಿಗೆಯ ಮೇಲೆ ಕೂತರು.

ಸೋಮವಾರ ಗೋರ್ಡನ್ ಅವರನ್ನು ಕ್ಯಾಶ್ ಕೌಂಟರಿಗೆ ಹಾಕಿದ. "ಬೈಯಲಿಲ್ಲ ಅವನು," ಎನ್ನುತ್ತಾರೆ ವಂಡಾ. "ಬೈದಿದ್ರೆ ವಾಸಿ ಇತ್ತು. ಗಿರಾಕಿಗೆ ಏನೂ ಹೇಳ್ಬೇಡ, ಬರೀ ಬಿಲ್ ಮಾಡು ಅಂದ." ವೈನ್ ಬಗ್ಗೆ ಓದಿ ಬಂದಿದ್ದ ಹೊಸ ಮಾರಾಟಗಾರನೊಬ್ಬ ಕಪಾಟುಗಳ ನಡುವೆ ನಿಂತು, ಕಪ್ಪು ಚೆರ್ರಿ, ತಂಬಾಕು, ನೇರಳೆ ಹೂವು ಎಂದು ಚೆಂದವಾಗಿ ವಿವರಿಸುತ್ತಿದ್ದ. ಜನ ಕೇಳಿಸಿಕೊಂಡು, ಅವನು ಕೊಟ್ಟ ಬಾಟಲಿ ಹಿಡಿದು ಕೌಂಟರಿಗೆ ಬರುತ್ತಿದ್ದರು. ಬಂದವರು ಮೆಲ್ಲಗೆ, "ವಂಡಾ, ನಮ್ಮನೇಲಿ ಈ ಸಲ ಹೊಗೇಲಿ ಬೇಯ್ಸಿದ ಕೋಳಿ. ಇದು ಸರಿಹೋಗುತ್ತಾ?" ಎನ್ನುತ್ತಿದ್ದರು. ಮೊದಲ ಇಬ್ಬರಿಗೆ ವಂಡಾ ಗೊತ್ತಿಲ್ಲ ಎಂದರು. ಮೂರನೆಯವರಿಗೆ ಸುಳ್ಳು ಹೇಳಲು ಆಗಲಿಲ್ಲ.

ಬುಧವಾರ ಬೆಳಿಗ್ಗೆ ಸಾಲು ಬಾಗಿಲು ದಾಟಿ ಪಾದಚಾರಿ ದಾರಿಗೆ ಬಂದಿತ್ತು. ಗೋರ್ಡನ್ ಒಳಗಿನಿಂದ ಬಂದು ಕೂಗಾಡಿದ. "ಏನಿದು? ಒಂದು ಬಿಲ್ ಮಾಡೋಕೆ ಇಷ್ಟು ಹೊತ್ತಾ?"

ಸಾಲಿನ ಮಧ್ಯದಿಂದ ಯಾರೋ ಉತ್ತರ ಕೊಟ್ಟರು. "ನಾವು ಬಿಲ್ ಮಾಡ್ಸೋಕೆ ನಿಂತಿಲ್ಲ ಗೋರ್ಡನ್, ಅವಳನ್ನ ಕೇಳೋಕೆ ನಿಂತಿದೀವಿ."

ಮಧ್ಯಾಹ್ನದ ಹೊತ್ತಿಗೆ ಗೋರ್ಡನ್ ತಾನೇ ಕೌಂಟರಿನಲ್ಲಿ ಕೂತ. ವಂಡಾ ಕಪಾಟುಗಳ ನಡುವೆ ವಾಪಸು ಬಂದರು. ಮುಂದಿನ ವಾರ ಮೂಸುವುದಕ್ಕೆ ಟೆರೆನ್ಸ್ ಸೇರಿಕೊಂಡ.

ವಾಸನೆಯೇ ತಿಳಿಯದೆ ವೈನ್ ಆರಿಸುವುದು ಹೇಗೆ ಎಂದು ಕೇಳಿದರೆ ವಂಡಾ ಅಡುಗೆಯವರ ಲೆಕ್ಕ ಹೇಳುತ್ತಾರೆ. "ನಮ್ಮ ಹಬ್ಬದೂಟ ಅಂದ್ರೆ ಏನು? ಉಪ್ಪು, ಬೆಣ್ಣೆ, ಸಿಹಿ. ಕೋಳಿ, ಅದರ ಹೊಟ್ಟೆಗೆ ತುಂಬೋ ಬ್ರೆಡ್ಡಿನ ಹೂರಣ, ಕ್ರ್ಯಾನ್‌ಬೆರಿ ಗೊಜ್ಜು, ಎಲ್ಲಾ ಒಂದೇ ತಟ್ಟೇಲಿ ಗಜಿಬಿಜಿ. ಅಲ್ಲಿ ನೇರಳೆ ಹೂವಿನ ಘಮ ಯಾರಿಗೆ ಬೇಕು? ಹುಳಿ ಬೇಕು. ಹುಳಿ ಇದ್ರೆ ಜಿಡ್ಡು ಹೋಗುತ್ತೆ, ಬಾಯಿ ಚೊಕ್ಕಟವಾಗುತ್ತೆ. ಒಗರು ಹೆಚ್ಚಾಗಬಾರದು. ಹುಳಿ, ಸಿಹಿ, ಒಗರು, ಮೂರೂ ನಾಲಿಗೆ ಕೆಲಸ. ಅದಕ್ಕೆ ಮೂಗಿನ ಹಂಗಿಲ್ಲ."

ಇವತ್ತು, ಮಂಗಳವಾರ, ಹನ್ನೊಂದರ ಸುಮಾರಿಗೆ ದಪ್ಪ ಜಾಕೆಟ್ಟಿನ ಗಂಡಸೊಬ್ಬ ಒಳಗೆ ಬರುತ್ತಾನೆ. ಹೆಸರು ಎವರೆಟ್, ಸರೋವರದಾಚೆ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ.

"ಯಾರ್‍ಯಾರು ಬರ್ತಾರೆ?"

"ನಾವು ಆರು ಜನ. ಮತ್ತೆ... ನನ್ನ ತಮ್ಮ. ಆರು ವರ್ಷ ಆಯ್ತು ಅವನು ನಮ್ಮನೆ ಮೆಟ್ಟಿಲು ಹತ್ತಿ. ಈಗ ಕುಡಿಯೋದು ಬಿಟ್ಟಿದಾನೆ. ಹದಿನಾಲ್ಕು ತಿಂಗಳಾಯ್ತಂತೆ." ಎವರೆಟ್ ಟೋಪಿ ತೆಗೆದು ಕೈಯಲ್ಲಿ ಹಿಂಡುತ್ತಾನೆ. "ಅವನಿಗೆ ಆಸೆ ಹುಟ್ಟಿಸದೇ ಇರೋ ಅಂಥದ್ದು ಯಾವುದಾದ್ರೂ ಇದ್ಯಾ? ಮಿಕ್ಕವರು ಕುಡಿಯೋಕೆ?"

ವಂಡಾ ಕಪಾಟಿನ ಕಡೆ ತಿರುಗುವುದೇ ಇಲ್ಲ. "ಇಲ್ಲ ಕಣಪ್ಪ. ಅಂಥದ್ದು ನನ್ನ ಹತ್ರ ಇಲ್ಲ. ದಾರೀಲಿ ಸೇಬಿನ ತೋಟದ ಅಂಗಡಿ ಸಿಗುತ್ತಲ್ಲ, ಅಲ್ಲಿ ಹೊಸದಾಗಿ ಹಿಂಡಿದ ಸೇಬಿನ ರಸ ತಗೋ. ಹುಳಿ ಇರೋದೇ ಕೇಳು. ಕೋಳಿಗೆ ಚೆನ್ನಾಗಿ ಹೊಂದುತ್ತೆ. ವೈನ್ ಲೋಟದಲ್ಲೇ ಹಾಕು. ಎಲ್ಲರಿಗೂ ಅದನ್ನೇ ಹಾಕು, ಅವನೊಬ್ಬನ ಮುಂದೆ ಬೇರೆ ಇಡ್ಬೇಡ."

"ನಮ್ಮ ಮಾವ ಗೊಣಗ್ತಾರೆ."

"ಒಂದು ಮಧ್ಯಾಹ್ನ ಗೊಣಗ್ಲಿ."

ಎವರೆಟ್ ಬರಿಗೈಯಲ್ಲಿ ಹೊರಡುತ್ತಾನೆ. ಕೌಂಟರಿನಿಂದ ಗೋರ್ಡನ್ ಇಣುಕುತ್ತಾನೆ. "ವಂಡಾ, ನಮ್ಮದು ವೈನ್ ಅಂಗಡಿ ಕಣಮ್ಮ. ನೆನಪಿದ್ಯಾ?"

"ನೆನಪಿಲ್ದೇ ಏನು? ಬೆಳಿಗ್ಗೆಯಿಂದ ಬೆನ್ನು ಹೇಳ್ತಾನೇ ಇದೆ," ಎಂದು ವಂಡಾ ಮುಂದಿನವರನ್ನು ಕರೆಯುತ್ತಾರೆ.

ಹಬ್ಬ ಮುಗಿದ ಶನಿವಾರ ಅಂಗಡಿ ಖಾಲಿ ಹೊಡೆಯುತ್ತಿದೆ. ಹೊಗಳುವವರು ಯಾರೂ ಬರುವುದಿಲ್ಲ. ವಂಡಾ ಅದನ್ನು ನಿರೀಕ್ಷಿಸುವುದೂ ಇಲ್ಲ. "ವೈನ್ ಬಗ್ಗೆ ಮೇಜಲ್ಲಿ ಮಾತೇ ಬರ್ಲಿಲ್ಲ ಅಂದ್ರೆ ಸರಿಯಾಗಿ ಆರಿಸಿದೀನಿ ಅಂತ," ಎನ್ನುತ್ತಾರೆ. ಹತ್ತರ ಹೊತ್ತಿಗೆ ಎವರೆಟ್ ಬರುತ್ತಾನೆ. ಮಾವನಿಗೆ ಎಂದು ಒಂದು ಬಾಟಲಿ ಕೊಳ್ಳುತ್ತಾನೆ.

"ಕೋಳಿ ಹೇಗಿತ್ತು?"

"ಒಣಗಿತ್ತು."

"ತಮ್ಮ?"

"ಎರಡು ರಾತ್ರಿ ಉಳ್ಕೊಂಡ. ಇವತ್ತು ಬೆಳಿಗ್ಗೆ ಬಸ್ ಹತ್ತಿಸ್ಬಿಟ್ಟು ಬಂದೆ." ಬಾಟಲಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೋಗುತ್ತಾನೆ.

ವಂಡಾ ತಮ್ಮ ಹಬ್ಬವನ್ನು ಪ್ರತಿ ವರ್ಷದಂತೆ ಡನ್‌ಕರ್ಕ್‌ನ ತಂಗಿ ಹೆಲೆನ್ ಮನೆಯಲ್ಲಿ ಕಳೆದಿದ್ದಾರೆ. ಅಲ್ಲಿ ಈಗಲೂ ಬಿಯರೇ. ವಾಸನೆ ಒಂದು ದಿನ ವಾಪಸು ಬಂದರೆ ಮೊದಲು ಯಾವ ಬಾಟಲಿಯ ಬಿರಡೆ ತೆಗೆಯುತ್ತೀರಿ ಎಂದು ಕೇಳಿದರೆ, ಖಾಲಿ ಪೆಟ್ಟಿಗೆ ಮಡಿಸುತ್ತಿದ್ದವರು ತಲೆಯೆತ್ತಿ ನೋಡುತ್ತಾರೆ.

"ಬಾಟಲಿನಾ? ಬಿಡಿ, ಅದಕ್ಕೆ ಟೆರೆನ್ಸ್ ಇದಾನೆ. ಪ್ರತಿ ವರ್ಷ ಹಬ್ಬದ ದಿನ ಬೆಳಿಗ್ಗೆ ಹೆಲೆನ್ ಹೂರಣಕ್ಕೆ ಅಂತ ಬೆಣ್ಣೇಲಿ ಈರುಳ್ಳಿ ಹುರೀತಾಳೆ. ಬಾಣಲೆ ಹತ್ರಾನೇ ನಿಂತಿರ್ತೀನಿ, ಸದ್ದು ಕೇಳುತ್ತೆ, ಕಣ್ಣು ಉರಿಯುತ್ತೆ, ಅಷ್ಟೇ. ಅದು ಒಂದೇ ಒಂದ್ಸಲ ಮೂಗಿಗೆ ಬಂದ್ರೆ ಸಾಕು."